ಬೆಟ್ಟದ ನೆಲ್ಲಿ ಯಾರದ್ದು?

ಮಾಗಿಯ ಚಳಿ ಶುರುವಾಯಿತೆಂದರೆ ಶಾಲೆಯ ಗೇಟಿನ ಹೊರಗೆ ನೆಲ್ಲಿಕಾಯಿಯ ಬುಟ್ಟಿ ಬಂದು ಕೂರುತ್ತದೆ. ಪಕ್ಕದಲ್ಲಿ ಉಪ್ಪು-ಖಾರದ ಡಬ್ಬಿ. ಗಂಟೆ ಹೊಡೆದದ್ದೇ ತಡ, ಮಕ್ಕಳು ಮುತ್ತಿಕೊಳ್ಳುತ್ತಾರೆ. ಮೊದಲು ಹುಳಿ, ಆಮೇಲೆ ಒಗರು, ಮೇಲೊಂದು ಗುಟುಕು ನೀರು ಕುಡಿದರೆ ಗಂಟಲಿನವರೆಗೂ ಸಿಹಿ! ತೋಟದಲ್ಲಿ ಬೆಳೆದ ದಪ್ಪ ನೆಲ್ಲಿಗೆ ಈ ಗುಣ ಸ್ವಲ್ಪ ಕಡಿಮೆ ಎಂದು ತಿಂದವರು ಹೇಳುತ್ತಾರೆ. ಸಣ್ಣಗೆ, ಗಟ್ಟಿಯಾಗಿ, ಒಂದು ಕೆನ್ನೆ ಕೆಂಪಾಗಿರುವ ಬೆಟ್ಟದ ನೆಲ್ಲಿಯ ರುಚಿಯೇ ಬೇರೆ.

ಆ ಬೆಟ್ಟದ ನೆಲ್ಲಿಯನ್ನು ಯಾರೂ ನೆಡಲಿಲ್ಲ, ಯಾರೂ ನೀರೆರೆಯಲಿಲ್ಲ. ಹಾಗಾದರೆ ಅದು ಯಾರದ್ದು? ಅದನ್ನು ಕೀಳಲು ಯಾರ ಅಪ್ಪಣೆ ಬೇಕು?

ಹತ್ತನೆಯ ತರಗತಿಯ ಮಕ್ಕಳು ಬೆಟ್ಟದ ದೇವಸ್ಥಾನಕ್ಕೆ ಪ್ರವಾಸ ಹೋದರು ಎಂದಿಟ್ಟುಕೊಳ್ಳಿ. ದಾರಿ ಬದಿಯ ಮರದಿಂದ ಕೈಗೆ ಸಿಕ್ಕಷ್ಟು ಕಾಯಿ ಕಿತ್ತು ಜೇಬು ತುಂಬಿಸಿಕೊಂಡರು. ವಾಪಸು ಬರುವಾಗ ತನಿಖಾ ಠಾಣೆಯಲ್ಲಿ ಗಾರ್ಡು ಬಸ್ಸು ಹತ್ತಿ, 'ಇದನ್ನೆಲ್ಲ ಇಲ್ಲೇ ಸುರಿಯಿರಿ' ಎಂದ. ಮಕ್ಕಳಿಗೆ ಅಳು, ಮೇಷ್ಟರಿಗೆ ಮುಜುಗರ, ಮನೆಗೆ ಬಂದ ಮೇಲೆ ತಂದೆ-ತಾಯಿಯರಿಗೆ ಸಿಟ್ಟು. ನಾಲ್ಕು ನೆಲ್ಲಿಕಾಯಿಗೆ ಇಷ್ಟು ರಾದ್ಧಾಂತವೇ? ಗಾರ್ಡು ಮಾಡಿದ್ದು ಸರಿಯೇ? ಕಾನೂನಿನ ಪುಸ್ತಕ ತೆರೆದರೆ ಸರಿಯೇ. ಆದರೆ ಅದೇ ಬೆಟ್ಟದಲ್ಲಿ ಅದೇ ಕಾಯಿಯನ್ನು ಮೂಟೆಗಟ್ಟಲೆ ಕೊಯ್ದು ಮಾರುವವರೂ ಇದ್ದಾರೆ, ಅವರದ್ದೂ ಕಾನೂನುಬದ್ಧವೇ. ಈ ಎರಡೂ ಒಟ್ಟಿಗೆ ಹೇಗೆ ನಿಜವಾದೀತು ಎಂಬುದು ಅಂಗೈ ನೆಲ್ಲಿಯಷ್ಟು ಸ್ಪಷ್ಟವಾದ ಸಂಗತಿಯೇನಲ್ಲ.

ಹಕ್ಕೋ, ರಿಯಾಯಿತಿಯೋ?

ಕತೆ ಬ್ರಿಟಿಷರ ಕಾಲದಿಂದ ಶುರುವಾಗುತ್ತದೆ. ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಾಗಿ ಅವರಿಗೆ ಕಾಡು ಬೇಕಾಗಿತ್ತು. ಹಾಗಾಗಿ ಕಾಡು ಯಾರದ್ದು ಎಂಬ ಪ್ರಶ್ನೆ ಎದ್ದಿತು. ಊರಿನವರು ತಲೆಮಾರುಗಳಿಂದ ಸೌದೆ, ಸೊಪ್ಪು, ಹಣ್ಣು, ಜೇನು ತರುತ್ತಿದ್ದರಲ್ಲ, ಅದು ಅವರ ಹಕ್ಕೇ? 'ಅಲ್ಲ, ಹಿಂದಿನ ದೊರೆಗಳು ಸುಮ್ಮನೆ ಬಿಟ್ಟಿದ್ದ ರಿಯಾಯಿತಿ ಅಷ್ಟೆ' ಎಂದು ವಾದಿಸಿದವನು ಬೇಡನ್-ಪೊವೆಲ್ ಎಂಬ ಅಧಿಕಾರಿ. ಮದರಾಸು ಸರ್ಕಾರದ ಕಂದಾಯ ಮಂಡಳಿಯವರು ಇದನ್ನು ಒಪ್ಪಲಿಲ್ಲ. ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾಗಿದ್ದ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಕೂಡ ಊರಿಗೆಂದೇ ಪ್ರತ್ಯೇಕ ಕಾಡು ಇರಲಿ ಎಂಬ ಅಭಿಪ್ರಾಯದವನು. ಕೊನೆಗೆ ಗೆದ್ದದ್ದು ಬೇಡನ್-ಪೊವೆಲ್‌ನ ವಾದ. 1878ರ ಅರಣ್ಯ ಕಾಯಿದೆ ಕಾಡನ್ನು ಮೀಸಲು, ರಕ್ಷಿತ, ಗ್ರಾಮಾರಣ್ಯ ಎಂದು ಮೂರು ಮಾಡಿತು. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಏನೂ ಮುಟ್ಟುವಂತಿಲ್ಲ ಎಂಬುದು ನಿಯಮವಾಯಿತು. ಮದರಾಸು ಪ್ರಾಂತ್ಯಕ್ಕೆ 1882ರಲ್ಲಿ, ಮೈಸೂರು ಸಂಸ್ಥಾನಕ್ಕೆ 1900ರಲ್ಲಿ ಇದೇ ಧಾಟಿಯ ಕಾನೂನುಗಳು ಬಂದವು.

ಹಕ್ಕು ಮತ್ತು ರಿಯಾಯಿತಿ - ಈ ಎರಡು ಪದಗಳನ್ನು ನೆನಪಿನಲ್ಲಿಡಬೇಕು. ಮುಂದಿನ ನೂರಿಪ್ಪತ್ತು ವರ್ಷಗಳ ಜಗಳವೆಲ್ಲ ಇವುಗಳ ನಡುವೆಯೇ. ಮಲೆನಾಡಿನ ಅಡಿಕೆ ತೋಟದವರ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವೆಲ್ಲ ಇಂಥ ಜಗಳದಲ್ಲಿ ಬೇಸಾಯಗಾರರು ಉಳಿಸಿಕೊಂಡ ಸವಲತ್ತುಗಳು. ಹೊಲ-ತೋಟದ ದಾಖಲೆ ಇದ್ದವರಿಗೆ ಅಷ್ಟಾದರೂ ಸಿಕ್ಕಿತು. ದಾಖಲೆಯೇ ಇಲ್ಲದೆ ಕಾಡಿನೊಳಗೇ ಬದುಕಿದವರಿಗೆ ಅದೂ ಇಲ್ಲ.

ಯಾರ ನೆಲ, ಯಾರ ಅಪ್ಪಣೆ

ಇಂದು ನಮ್ಮ ರಾಜ್ಯದಲ್ಲಿ ನಡೆಯುತ್ತಿರುವುದು 1963ರ ಕರ್ನಾಟಕ ಅರಣ್ಯ ಕಾಯಿದೆ. ಇದರಲ್ಲಿ 'ಅರಣ್ಯ ಉತ್ಪನ್ನ' ಎಂದರೆ ಏನೆಂಬ ವಿವರಣೆಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ಮರವಷ್ಟೇ ಅಲ್ಲ; ಕಾಡಿನಲ್ಲಿ ಸಿಕ್ಕ ಅಥವಾ ಕಾಡಿನಿಂದ ತಂದ ಎಲೆ, ಹೂವು, ಹಣ್ಣು, ಹುಲ್ಲು, ಬಳ್ಳಿ, ಹಾವಸೆ, ಕೊನೆಗೆ ಮೇಲ್ಮಣ್ಣು ಕೂಡ ಅರಣ್ಯ ಉತ್ಪನ್ನ. ಶ್ರೀಗಂಧದಂಥ ಕೆಲವು ವಸ್ತುಗಳಂತೂ ಎಲ್ಲಿ ಸಿಕ್ಕರೂ ಅರಣ್ಯ ಉತ್ಪನ್ನಗಳೇ! ಮಕ್ಕಳ ಜೇಬಿನಲ್ಲಿದ್ದ ನೆಲ್ಲಿಕಾಯಿ ಸಿಕ್ಕಿಬಿದ್ದದ್ದು ಈ ವಿವರಣೆಯ ಬಲೆಯಲ್ಲಿ.

ಆದ್ದರಿಂದ ಯಾವುದೇ ಕಾಡುಹಣ್ಣಿಗೆ ಕೈ ಚಾಚುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಗಿಡ ಯಾವುದು ಎಂದಲ್ಲ, ನೆಲ ಯಾರದ್ದು ಎಂದು. ಖಾಸಗಿ ಹೊಲದ ಬೇಲಿಯಲ್ಲಿ ಕವಳೆ ಹಣ್ಣು ಬಿಟ್ಟಿದ್ದರೆ ಹೊಲದ ಯಜಮಾನನನ್ನು ಕೇಳಿದರೆ ಸಾಕು. ಹಳ್ಳಿಯಲ್ಲಿ ಇದನ್ನು ಯಾರೂ ಬೇಡವೆನ್ನುವುದಿಲ್ಲ, ಕೇಳದೆ ನುಗ್ಗಿದರೆ ಮಾತ್ರ ನಾಯಿ ಬಿಡುತ್ತಾರೆ. ಗೋಮಾಳ, ಕೆರೆ ಏರಿ, ರಸ್ತೆ ಬದಿಯ ಮರಗಳು ಕಂದಾಯ ಇಲಾಖೆಯದ್ದೋ ಪಂಚಾಯಿತಿಯದ್ದೋ ಲೋಕೋಪಯೋಗಿ ಇಲಾಖೆಯದ್ದೋ ಆಗಿರುತ್ತವೆ. ನೇರಳೆ, ಹುಣಸೆ ಮರಗಳ ಫಸಲನ್ನು ಹರಾಜು ಹಾಕುವ ರೂಢಿ ಹಲವೆಡೆ ಇದೆ. ಹರಾಜು ಹಿಡಿದವನ ಎದುರಿಗೆ ಕಲ್ಲು ಹೊಡೆದು ಹಣ್ಣು ಬೀಳಿಸಿದರೆ ಅವನು ಸುಮ್ಮನಿರಬೇಕೆಂದೇನೂ ಇಲ್ಲ.

ಮೀಸಲು ಅರಣ್ಯದಲ್ಲಿ ಅಪ್ಪಣೆ ಕೊಡುವುದು ಅರಣ್ಯ ಇಲಾಖೆ. ಉಪ್ಪಾಗೆ, ಮುರುಗಲು, ಸೀಗೆ, ಅಂಟುವಾಳ ಮುಂತಾದ 'ಕಿರು ಅರಣ್ಯ ಉತ್ಪನ್ನ'ಗಳನ್ನು ಸಂಗ್ರಹಿಸುವ ಗುತ್ತಿಗೆಯನ್ನು ಇಲಾಖೆ ಟೆಂಡರು ಕರೆದು ಕೊಡುತ್ತ ಬಂದಿದೆ. 1993ರಲ್ಲಿ ನಮ್ಮ ರಾಜ್ಯದಲ್ಲಿ ಜಂಟಿ ಅರಣ್ಯ ಯೋಜನೆ ಶುರುವಾದ ಮೇಲೆ ಗ್ರಾಮ ಅರಣ್ಯ ಸಮಿತಿಗಳಿಗೂ ಇದರಲ್ಲಿ ಪಾಲು ಬಂತು. ಕಾಡಿನಿಂದ ಹೊರಕ್ಕೆ ಸಾಗಿಸಲು ಬೇರೆಯೇ ಕಾಗದ ಬೇಕು. 1969ರ ಅರಣ್ಯ ನಿಯಮಗಳ ಪ್ರಕಾರ ಪಡೆಯುವ ಈ ಸಾಗಣೆ ಪರವಾನಗಿಗೆ ಹಳೆಯವರು 'ರಹದಾರಿ' ಎನ್ನುತ್ತಾರೆ. ಕೊಯ್ಯಲು ಅಪ್ಪಣೆ ಇದ್ದು ರಹದಾರಿ ಇಲ್ಲದಿದ್ದರೆ ಠಾಣೆಯಲ್ಲಿ ಗಾಡಿ ನಿಲ್ಲುತ್ತದೆ.

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಮಾತೇ ಬೇರೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯದ್ದೇ ಆಡಳಿತ. ಅಲ್ಲಿಂದ ಏನನ್ನಾದರೂ ತೆಗೆಯಬೇಕಾದರೆ ಅದರಿಂದ ವನ್ಯಜೀವಿಗಳಿಗೇ ಒಳ್ಳೆಯದಾಗುತ್ತದೆ ಎಂದು ಸರ್ಕಾರಕ್ಕೆ ಮನವರಿಕೆಯಾಗಿ, ಮುಖ್ಯ ವನ್ಯಜೀವಿ ಪರಿಪಾಲಕರು ಪರವಾನಗಿ ಕೊಡಬೇಕು. ಮಾರಾಟಕ್ಕಂತೂ ಇಲ್ಲವೇ ಇಲ್ಲ. ಕಾಯಿದೆ ಮುರಿದರೆ ಮೂರು ವರ್ಷದವರೆಗೆ ಸೆರೆಮನೆ. ದಂಡದ ಗರಿಷ್ಠ ಮೊತ್ತ 2022ರ ತಿದ್ದುಪಡಿಯ ನಂತರ 1 ಲಕ್ಷ ರೂಪಾಯಿ.

ಇದೇ ಕಾಯಿದೆಯಲ್ಲಿ ಗಿಡಗಳ ಹೆಸರು ಹಿಡಿದು ರಕ್ಷಿಸುವ ಅಧ್ಯಾಯವೊಂದಿದೆ. 1991ರಲ್ಲಿ ಸೇರಿದ ಈ ಅಧ್ಯಾಯದ ಪಟ್ಟಿಯಲ್ಲಿ ಕೀಟ ಹಿಡಿಯುವ ಹೂಜಿ ಗಿಡ, ನೀಲಿ ವಂಡಾ ಸೀತಾಳೆ ಮುಂತಾದ ಆರು ಬಗೆಯ ಸಸ್ಯಗಳಿದ್ದವು. 2022ರ ತಿದ್ದುಪಡಿಯಲ್ಲಿ ಪಟ್ಟಿ ಬೆಳೆಯಿತು. ಪಟ್ಟಿಯಲ್ಲಿರುವ ಗಿಡವನ್ನು ಕಾಡಿನಿಂದ ಕೀಳುವುದು ಅಪರಾಧ. ಶಿಕ್ಷಣ, ಸಂಶೋಧನೆ, ಸಸ್ಯ ಸಂಗ್ರಹಾಲಯಗಳಿಗೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಸರ್ಕಾರದ ಒಪ್ಪಿಗೆ ಪಡೆದು ಅನುಮತಿ ಕೊಡಬಹುದು.

ಬಿ.ಎಸ್ಸಿ. ಸಸ್ಯಶಾಸ್ತ್ರದ ಮಕ್ಕಳು ಹರ್ಬೇರಿಯಂಗೆಂದು ಗಿಡ ಕಿತ್ತು ತರುವುದು ಹಳೆಯ ಪದ್ಧತಿ. ಅಂಕದ ಆಸೆಗೆ ಒಂದೇ ಸೀತಾಳೆಯನ್ನು ನಲವತ್ತು ಜನ ಕಿತ್ತು ತಂದರೆ ಆ ಮರದಲ್ಲಿ ಉಳಿಯುವುದೇನು? ಶಾಲಾ-ಕಾಲೇಜುಗಳು ಇಂಥ ಕೆಲಸಕ್ಕೆ ಹೊರಡುವ ಮೊದಲು ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಸಹಿಯೊಂದಿಗೆ ಅರ್ಜಿ ಬರೆಯುವುದು ಲೇಸು. ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿಯ ಮೂಲಕ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ. ಅಭಯಾರಣ್ಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಯಾವ ಜಾಗ, ಯಾವ ದಿನ, ಎಷ್ಟು ಜನ, ಯಾವ ಗಿಡದ ಯಾವ ಭಾಗ, ಎಷ್ಟು ಪ್ರಮಾಣ, ಯಾವ ಉದ್ದೇಶ - ಇಷ್ಟೂ ಅರ್ಜಿಯಲ್ಲಿರಲಿ. 'ಪ್ರಕೃತಿ ಅಧ್ಯಯನಕ್ಕೆ ಅನುಮತಿ ಕೋರಿ' ಎಂದು ಒಂದು ಸಾಲು ಗೀಚಿದರೆ ಅದು ಮೇಜಿನ ಮೇಲೆಯೇ ಧೂಳು ತಿನ್ನುತ್ತದೆ. ಉತ್ತರ ಬರಲು ವಾರಗಳೇ ಹಿಡಿದೀತು. ಪ್ರವಾಸದ ಹಿಂದಿನ ದಿನ ಬರೆದು ಪ್ರಯೋಜನವಿಲ್ಲ. ಬಹಳಷ್ಟು ಪಾಠಕ್ಕೆ ಬಿದ್ದ ಎಲೆಯೂ ಒಂದು ಕ್ಯಾಮೆರಾವೂ ಸಾಕಾಗುತ್ತದೆ ಎಂಬುದು ಬೇರೆ ಮಾತು.

ಸೋಲಿಗರ ನೆಲ್ಲಿ

ಈಗ ಮೂಟೆಗಟ್ಟಲೆ ಕೊಯ್ಯುವವರ ವಿಷಯಕ್ಕೆ ಬರೋಣ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿರುವ ಬೆಟ್ಟಸಾಲು. ಇಲ್ಲಿನ ಮೂಲನಿವಾಸಿಗಳು ಸೋಲಿಗರು. ಅವರ ಹಟ್ಟಿಗೆ ಪೋಡು ಎಂದು ಹೆಸರು. ಒಂದು ಕಾಲಕ್ಕೆ ರಾಗಿ, ಅವರೆ, ಜೋಳ ಬಿತ್ತಿ, ಕೆಲವು ವರ್ಷ ಬಿಟ್ಟು ಬೇರೆ ಕಡೆಗೆ ಸಾಗುತ್ತಿದ್ದರು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಬೇಟೆ ನಿಂತಿತು, ಸಾಗುವ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಯೂರಿದವು. ಉಳಿದದ್ದು ಜೇನು, ನೆಲ್ಲಿ, ಪಾಚಿ, ಸೀಗೆ, ಅಂಟುವಾಳ. ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು - ಎಲ್ಲರ ಬಾಯಲ್ಲಿ 'ಲ್ಯಾಂಪ್ಸ್' - ಇವನ್ನು ಕೊಂಡು ಮಾರುತ್ತಿದ್ದವು. ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರ, ಕೊಳ್ಳೇಗಾಲ ಎಂದು ಇಂಥ ಮೂರು ಸಂಘಗಳು. 1990ರ ದಶಕದ ನಡುವಿನಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಸೋಲಿಗ ಕುಟುಂಬದ ನಗದು ಆದಾಯದ ಸುಮಾರು ಅರ್ಧ ಭಾಗ ಬರುತ್ತಿದ್ದುದು ಇದರಿಂದಲೇ. ನವೆಂಬರಿನಿಂದ ಜನವರಿಯವರೆಗಿನ ನೆಲ್ಲಿ ಕೊಯ್ಲೆಂದರೆ ಮನೆಮಂದಿಯೆಲ್ಲ ಹೊರಡುವ ಹಂಗಾಮು.

ಅದೆಲ್ಲವೂ ರಿಯಾಯಿತಿಯ ಮೇಲೆ ನಡೆಯುತ್ತಿತ್ತು ಎಂಬುದು ಗೊತ್ತಾದದ್ದು ಅದು ನಿಂತಾಗ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ 2003ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಭಯಾರಣ್ಯದಿಂದ ತೆಗೆದ ಉತ್ಪನ್ನವನ್ನು ಒಳಗೂ ಸುತ್ತಲೂ ಇರುವ ಜನರ ಸ್ವಂತದ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಕೂಡದು ಎಂದಿತು ಅದು. ಉಪ್ಪಿನಕಾಯಿಗೆ ಬೇಕಾದಷ್ಟು ಕೀಳಬಹುದು, ಆದರೆ ಉಪ್ಪು ಕೊಳ್ಳಲು ಬೇಕಾದ ಕಾಸಿಗೆ ಮಾರುವಂತಿಲ್ಲ! 2006ರ ಹೊತ್ತಿಗೆ ಬೆಟ್ಟದಲ್ಲಿ ಸಂಗ್ರಹಣೆ ನಿಂತಿತು. ಪೋಡುಗಳಿಂದ ಜನ ಕಾಫಿ ತೋಟಗಳಿಗೆ, ಕೂಲಿಗೆ ಹೋಗಬೇಕಾಯಿತು.

ಒಂದು ಕಾಯಿದೆ ಬಾಗಿಲು ಹಾಕುತ್ತಿದ್ದ ಹೊತ್ತಿಗೇ ದೆಹಲಿಯಲ್ಲಿ ಇನ್ನೊಂದು ಕಾಯಿದೆ ತಯಾರಾಗುತ್ತಿತ್ತು. 2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಒಪ್ಪಿತು. 2007ರ ಕೊನೆಯ ದಿನ ಅದು ಜಾರಿಗೆ ಬಂತು, ಮರುದಿನ ನಿಯಮಗಳು ಬಂದವು. ಅದರ ಪೂರ್ಣ ಹೆಸರಿನಲ್ಲಿ ಇರುವ ಪದ ಹಕ್ಕುಗಳ 'ಮಂಜೂರಾತಿ' ಅಲ್ಲ, 'ಮಾನ್ಯತೆ'. ಅಂದರೆ ಸರ್ಕಾರ ಹೊಸದಾಗಿ ಏನನ್ನೂ ಕೊಡುತ್ತಿಲ್ಲ. ಮೊದಲಿನಿಂದ ಇದ್ದುದನ್ನು ಈಗ ಒಪ್ಪಿಕೊಳ್ಳುತ್ತಿದೆ. ಬೇಡನ್-ಪೊವೆಲ್‌ನ ವಾದಕ್ಕೆ ನೂರಮೂವತ್ತು ವರ್ಷಗಳ ನಂತರ ಬಂದ ಉತ್ತರವಿದು. ಹಿಂದಿನಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಒಡೆತನ, ಕೊಯ್ಯುವ, ಬಳಸುವ ಮತ್ತು ಮಾರುವ ಹಕ್ಕು ಕಾಡಿನವರದ್ದು ಎಂದು ಕಾಯಿದೆ ಹೇಳುತ್ತದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಬೀಡಿ ಎಲೆ, ಔಷಧ ಸಸ್ಯ, ಗೆಡ್ಡೆ-ಗೆಣಸು ಎಲ್ಲವೂ ಇದರೊಳಗೆ ಬಂದವು. ದಿಮ್ಮಿ ಮಾತ್ರ ಹೊರಗೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಬೇರೆ ಕಾಯಿದೆಗಳು ಏನೇ ಹೇಳಿದ್ದರೂ ಇದು ನಡೆಯುತ್ತದೆ ಎಂಬ ಮಾತೂ ಅದರಲ್ಲಿದೆ.

ಅರ್ಜಿಯ ದಾರಿ

ಹಾಗೆಂದು ಹಕ್ಕು ತಾನಾಗಿ ಮನೆಗೆ ಬರುವುದಿಲ್ಲ. ಅದಕ್ಕೊಂದು ದಾರಿ ಇದೆ, ಅದು ದೂರದ ದಾರಿಯೇ. ವಿಶೇಷವೆಂದರೆ ಅದು ಶುರುವಾಗುವುದು ಕಚೇರಿಯಲ್ಲಿ ಅಲ್ಲ, ಊರಿನ ಜಗಲಿಯಲ್ಲಿ. ಗ್ರಾಮ ಪಂಚಾಯಿತಿಯ ದೊಡ್ಡ ಸಭೆಯಲ್ಲಿ ಪೋಡಿನವರ ದನಿ ಕೇಳಿಸಲಿಕ್ಕಿಲ್ಲ ಎಂದೇ ಕಾಯಿದೆ ಹಾಡಿ, ಪೋಡುಗಳಂಥ ಸಣ್ಣ ವಸತಿಗಳನ್ನೂ 'ಗ್ರಾಮ' ಎಂದು ಕರೆದಿದೆ. ಗ್ರಾಮಸಭೆ ಸೇರಿ ಹತ್ತರಿಂದ ಹದಿನೈದು ಜನರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. 2012ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಅದರಲ್ಲಿ ಮೂರನೆಯ ಎರಡರಷ್ಟು ಪರಿಶಿಷ್ಟ ಪಂಗಡದವರು, ಮೂರನೆಯ ಒಂದರಷ್ಟು ಹೆಂಗಸರು ಇರಬೇಕು. ಸಮುದಾಯದ ಹಕ್ಕಿಗೆ 'ಬಿ' ನಮೂನೆ. ಕಾಡನ್ನೇ ಕಾಯುವ, ನಿರ್ವಹಿಸುವ ಹಕ್ಕಿಗೆ 2012ರಿಂದ 'ಸಿ' ನಮೂನೆ. ಸಮಿತಿ ಸ್ಥಳಕ್ಕೆ ಹೋಗಿ ನೋಡಿ, ನಕ್ಷೆ ಬರೆದು, ಗ್ರಾಮಸಭೆಯ ಮುಂದಿಡುತ್ತದೆ. ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ. ಅಲ್ಲಿನ ತೀರ್ಮಾನವೇ ಕೊನೆ. ಗ್ರಾಮಸಭೆಯೋ ಉಪವಿಭಾಗದ ಸಮಿತಿಯೋ ತಳ್ಳಿಹಾಕಿದರೆ ಅರವತ್ತು ದಿನಗಳೊಳಗೆ ಮೇಲಿನವರಿಗೆ ಮನವಿ ಕೊಡಬಹುದು.

ಸಾಕ್ಷ್ಯ ಯಾವುದು? ಇಲ್ಲಿ ಕಾಯಿದೆ ನಿಜಕ್ಕೂ ಬುದ್ಧಿವಂತಿಕೆ ತೋರಿದೆ. ಪಹಣಿ, ಪಟ್ಟೆ ಇಲ್ಲದವರಿಗೆ ಬೇರೆ ಬಗೆಯ ಸಾಕ್ಷ್ಯಗಳನ್ನು ಅದು ಒಪ್ಪುತ್ತದೆ: ಹಿರಿಯರ ಹೇಳಿಕೆ ಬರಹದಲ್ಲಿ, ಹಳೆಯ ಗೆಜೆಟಿಯರು, ಅರಣ್ಯ ಇಲಾಖೆಯದ್ದೇ ಕಡತಗಳು, ಬಾವಿ, ಗೋರಿ, ಪೂಜಾ ಸ್ಥಳಗಳು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು ಅಷ್ಟೆ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ 'ಎಲ್ಲೆ' ಇದೆ. ಅದರೊಳಗೆ ಆ ಕುಲದ ದೇವರು, ಮಾರಿ, ವೀರರ ಕಲ್ಲು, ಗೋರಿ, ತೊರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ಸೋಲಿಗರು ಈ ಜಾಗಗಳನ್ನೆಲ್ಲ ನಡೆದು ಗುರುತಿಸಿ ನಕ್ಷೆ ಮಾಡಿದರು. ಹಾಡಿನಲ್ಲಿ, ಹರಕೆಯಲ್ಲಿ ಮಾತ್ರ ಇದ್ದ ಭೂಗೋಳ ಕಾಗದದ ಮೇಲೆ ಬಂತು.

ಅಷ್ಟರಲ್ಲಿ ಇನ್ನೊಂದು ತಿರುವು. 2011ರ ಜನವರಿಯಲ್ಲಿ ಸರ್ಕಾರ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಎಬ್ಬಿಸಿಬಿಡುತ್ತಾರೆಂಬ ಭಯ ಪೋಡುಗಳಲ್ಲಿ ಹಬ್ಬಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತೈದು ಗ್ರಾಮಸಭೆಗಳ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಹುಲಿಯ ಕಾಡಿನಲ್ಲಿ ನೆಲ್ಲಿ ಕೊಯ್ಯುವುದು ಮತ್ತೆ ಕಾನೂನುಬದ್ಧವಾಯಿತು. ಈ ಬಾರಿ ರಿಯಾಯಿತಿಯಾಗಿ ಅಲ್ಲ.

ರಹದಾರಿಯ ಗಂಟು ಬಿಚ್ಚಲು ಇನ್ನೊಂದು ವರ್ಷ ಬೇಕಾಯಿತು. 2008ರ ನಿಯಮಗಳಲ್ಲಿ ಉತ್ಪನ್ನವನ್ನು ತಲೆಹೊರೆ, ಸೈಕಲ್ಲು, ತಳ್ಳುಗಾಡಿಗಳಲ್ಲಿ ಮಾತ್ರ ಸಾಗಿಸಬಹುದೆಂದು ಇತ್ತು! ಮೂವತ್ತು ಮೂಟೆ ನೆಲ್ಲಿಯನ್ನು ಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿಸುವುದು ಹೇಗೆ ಎಂದು ಬರೆದವರಿಗೆ ಹೊಳೆದಿರಲಿಲ್ಲವೋ ಏನೋ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡರ ಹಳ್ಳಿಗೆ 2009ರಲ್ಲೇ ಹಕ್ಕುಪತ್ರ ಸಿಕ್ಕಿದ್ದರೂ ಬಿದಿರು ಸಾಗಿಸಲು ಪರವಾನಗಿ ಸಿಗದೆ ಹಗ್ಗಜಗ್ಗಾಟ ನಡೆದಿತ್ತು. 2011ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಸ್ವತಃ ಅಲ್ಲಿಗೆ ಹೋಗಿ ಪರವಾನಗಿ ಪುಸ್ತಕವನ್ನು ಗ್ರಾಮಸಭೆಯ ಕೈಗಿತ್ತರು. 2012ರ ತಿದ್ದುಪಡಿಯಲ್ಲಿ ತಳ್ಳುಗಾಡಿಯ ನಿರ್ಬಂಧ ಹೋಯಿತು. ಪರವಾನಗಿಯನ್ನು ಗ್ರಾಮಸಭೆಯ ಸಮಿತಿಯೇ ಬರೆದುಕೊಡಬಹುದು, ಯಾವ ರಾಜಧನವೂ ಶುಲ್ಕವೂ ಇಲ್ಲ ಎಂದಾಯಿತು.

ಈ ಹಕ್ಕು ಎಲ್ಲರಿಗೂ ಅಲ್ಲ. ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿದ ಪರಿಶಿಷ್ಟ ಪಂಗಡದವರಿಗೆ, ಮತ್ತು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬಲ್ಲ ಇತರರಿಗೆ ಮಾತ್ರ. ಎರಡನೆಯ ಗುಂಪಿನ ಎಷ್ಟೋ ಅರ್ಜಿಗಳು ಈ 75 ವರ್ಷದ ಗಡಿಯಲ್ಲೇ ಮುಗ್ಗರಿಸಿವೆ. ಕಾಗದ ಇಟ್ಟುಕೊಳ್ಳುವ ಅಭ್ಯಾಸವೇ ಇಲ್ಲದ ಮನೆಯಲ್ಲಿ ಮುತ್ತಜ್ಜನ ಕಾಲದ ಕುರುಹು ಎಲ್ಲಿಂದ ತರುವುದು?

ನಿಷೇಧದಿಂದ ನೆಲ್ಲಿ ಉಳಿಯಿತೇ?

ಕಾನೂನಿನ ಮಾತು ಸಾಕು. ನೆಲ್ಲಿ ಮರವನ್ನೇ ಕೇಳಿದರೆ ಅದು ಏನೆನ್ನುತ್ತದೆ?

ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ಬಗೆಯ ನೆಲ್ಲಿಗಳಿವೆ: ಎಲ್ಲೆಡೆ ಕಾಣುವ ನೆಲ್ಲಿ, ಮತ್ತು ದಕ್ಷಿಣ ಭಾರತದ ಒಣಕಾಡುಗಳಲ್ಲಷ್ಟೇ ಇರುವ ಇಟ್ಟುನೆಲ್ಲಿ. ಹುಣಸೆಯಂತೆ ಕಾಣುವ ನೆಲ್ಲಿಯ ಎಲೆ ನಿಜವಾಗಿ ಸಂಯುಕ್ತ ಎಲೆಯಲ್ಲ; ಸಣ್ಣ ಕಡ್ಡಿಯೊಂದರ ಎರಡು ಬದಿಗೆ ಕೂತ ಬಿಡಿ ಎಲೆಗಳು, ಉದುರುವಾಗ ಕಡ್ಡಿಯೂ ಜೊತೆಗೇ ಉದುರುತ್ತದೆ. ಇದನ್ನು ಪರೀಕ್ಷೆಯಲ್ಲಿ ತಪ್ಪು ಬರೆಯದ ವಿದ್ಯಾರ್ಥಿ ಅಪರೂಪ. ಜೀವಸತ್ವ 'ಸಿ' ಕುರಿತು ನೂರು ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ಎಂದು ಹಳೆಯ ಪುಸ್ತಕಗಳೆಲ್ಲ ಹೇಳುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಆದರೂ ಕಿತ್ತಳೆಯನ್ನು ಬಹಳ ಹಿಂದಕ್ಕೆ ಹಾಕುತ್ತದೆ.

ಕಾಯನ್ನು ತಿನ್ನುವವರು ಮನುಷ್ಯರಷ್ಟೇ ಅಲ್ಲ. ಜಿಂಕೆ, ಕಾಡುಕುರಿಗಳು ಉದುರಿದ ನೆಲ್ಲಿಯನ್ನು ನುಂಗಿ, ಆಮೇಲೆ ನೆರಳಿನಲ್ಲಿ ಮೆಲುಕು ಹಾಕುವಾಗ ಓಟೆಯನ್ನು ಹೊರಗೆ ಉಗುಳುತ್ತವೆ. ಬಿಸಿಲಿಗೆ ಒಣಗಿದ ಓಟೆ ಪಟ್ಟನೆ ಸಿಡಿದು ಆರು ಬೀಜಗಳು ಚೆಲ್ಲುತ್ತವೆ. ಇರುವ ಕಾಯೆಲ್ಲ ಮೂಟೆ ಸೇರಿದರೆ ಜಿಂಕೆಗೂ ಇಲ್ಲ, ಮುಂದಿನ ಮರಕ್ಕೂ ಇಲ್ಲ. ನಿಷೇಧದ ಹಿಂದಿದ್ದ ಆತಂಕ ಇದೇ, ಅದು ಸುಳ್ಳು ಆತಂಕವೂ ಅಲ್ಲ. ಗುತ್ತಿಗೆದಾರನ ಅವಸರಕ್ಕೆ ಕೊಂಬೆಯನ್ನೇ ಕಡಿದು ಕಾಯಿ ಬಿಡಿಸಿದರೆ ಮುಂದಿನ ವರ್ಷಗಳ ಫಸಲು ಕುಸಿಯುತ್ತದೆ ಎಂಬುದನ್ನು ಇದೇ ಬೆಟ್ಟದಲ್ಲಿ ನಡೆದ ಅಧ್ಯಯನ ತೋರಿಸಿದೆ.

ಆದರೆ ಅದೇ ಸಂಶೋಧಕರಿಗೆ ಬೇರೊಂದು ಶತ್ರುವೂ ಕಂಡಿತು - ಬದನಿಕೆ. ಮಾವಿನ ಮರದಲ್ಲಿ ಎಲ್ಲರೂ ನೋಡಿರುವ ಈ ಅರೆ ಪರಾವಲಂಬಿ ಗಿಡದ ಅಂಟುಬೀಜವನ್ನು ಪುಟ್ಟ ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಒರೆಸುತ್ತ ಹೋಗುತ್ತವೆ. ಬೇರು ನೆಲ್ಲಿಯ ಕೊಂಬೆಯೊಳಗೆ ಇಳಿದು ನೀರು, ಲವಣ ಹೀರುತ್ತದೆ. ಕೊಂಬೆ ಸೊರಗಿ ಒಣಗುತ್ತದೆ. ನೆಲ್ಲಿ ಕೊಯ್ಯಲು ಮರ ಹತ್ತಿದವರು ಜೊತೆಯಲ್ಲೇ ಬದನಿಕೆಯನ್ನೂ ಕಡಿದು ಹಾಕಬಹುದು. ಕೊಯ್ಲೇ ನಿಂತರೆ ಮರ ಹತ್ತುವವರು ಯಾರು?

ಇನ್ನೊಂದು ಶತ್ರು ನೆಲದ ಮೇಲಿನದು, ಲಂಟಾನ. ಬೇಲಿಗೆಂದು, ಅಂದಕ್ಕೆಂದು ಹೊರದೇಶದಿಂದ ತಂದ ಈ ಪೊದೆ ಬೆಟ್ಟದ ಕಾಡನ್ನು ನುಂಗಿದ ವೇಗ ನೋಡಿ: 1997ರಲ್ಲಿ ಪರೀಕ್ಷಿಸಿದ ತಾಕುಗಳಲ್ಲಿ ಶೇಕಡಾ 41ರಲ್ಲಿದ್ದುದು 2008ರಲ್ಲಿ ಶೇಕಡಾ 81ರಲ್ಲಿ ಕಂಡಿತು. ಮನುಷ್ಯನೆತ್ತರದ ಲಂಟಾನದ ಕೆಳಗೆ ನೆಲ್ಲಿಯ ಸಸಿಗೆ ಬೆಳಕೇ ಇಲ್ಲ. ಸೋಲಿಗ ಹಿರಿಯರ ವಿವರಣೆ ಹೀಗಿದೆ: ಹಿಂದೆ ಬೇಸಿಗೆಯ ಆರಂಭದಲ್ಲೇ ನೆಲದ ತರಗೆಲೆಗೆ ಹಗುರವಾಗಿ ಹಚ್ಚುತ್ತಿದ್ದ 'ತರಗು ಬೆಂಕಿ'ಯಲ್ಲಿ ಲಂಟಾನದ ಸಸಿಯೂ ಬದನಿಕೆಯೂ ಹತೋಟಿಯಲ್ಲಿದ್ದವು, ಅಭಯಾರಣ್ಯವಾದ ಮೇಲೆ ಆ ಬೆಂಕಿ ಅಪರಾಧವಾಯಿತು, ಪೊದೆ ದಟ್ಟವಾಯಿತು, ಈಗ ಬೆಂಕಿ ಬಿದ್ದರೆ ಮರದ ತುದಿಯವರೆಗೆ ಏರುತ್ತದೆ. ಈ ವಿವರಣೆಯನ್ನು ಪೂರ್ತಿ ಒಪ್ಪದ ಅರಣ್ಯಾಧಿಕಾರಿಗಳಿದ್ದಾರೆ. ಬೆಂಕಿಯ ವಿಷಯದಲ್ಲಿ ಅವರ ಹೆದರಿಕೆಗೂ ಕಾರಣವಿದೆ. ಆದರೆ ನೆಲ್ಲಿಯ ಸಂಖ್ಯೆ ಇಳಿಯುತ್ತಿರುವುದಕ್ಕೆ ಕಾಯಿ ಕೊಯ್ಲಿಗಿಂತ ಲಂಟಾನ ಮತ್ತು ಬದನಿಕೆಯ ಹೊಡೆತ ದೊಡ್ಡದು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೊಯ್ಲು ನಿಲ್ಲಿಸಿದ್ದರಿಂದ ಸೋಲಿಗರ ವರಮಾನ ಹೋಯಿತು, ನೆಲ್ಲಿಗಂತೂ ಎದ್ದು ಕಾಣುವ ಲಾಭವಾಗಲಿಲ್ಲ.

ಅರಣ್ಯ ಹಕ್ಕು ಕಾಯಿದೆ ಹಕ್ಕಿನ ಜೊತೆಗೆ ಹೊಣೆಯನ್ನೂ ಹೊರಿಸಿದೆ: ಕಾಡು, ಜೀವವೈವಿಧ್ಯ, ನೀರಿನ ಮೂಲಗಳನ್ನು ಕಾಯುವುದು ಗ್ರಾಮಸಭೆಯ ಕೆಲಸ. ಬೆಟ್ಟದಲ್ಲಿ ಇದರ ಅಭ್ಯಾಸ ಕಾಯಿದೆಗಿಂತ ಮೊದಲೇ ಶುರುವಾಗಿತ್ತು. ಕೊಯ್ಲಿಗೆ ಮುನ್ನ ಸೋಲಿಗರೂ ಸಂಶೋಧಕರೂ ಕೂಡಿ ಕಾಡು ಸುತ್ತಿ ಈ ವರ್ಷ ಎಷ್ಟು ಕಾಯಿ ಬಿಟ್ಟಿದೆ ಎಂದು ಅಂದಾಜು ಮಾಡುವುದು, ಕೊಯ್ಲಿನ ನಂತರ ಕೂತು ಎಷ್ಟು ತಂದೆವು, ಎಷ್ಟು ಬಿಟ್ಟೆವು, ಕೊಂಬೆ ಎಷ್ಟು ಮುರಿಯಿತು ಎಂದು ಲೆಕ್ಕ ಹಾಕುವುದು ವರ್ಷಗಟ್ಟಲೆ ನಡೆಯಿತು. ಕಾಯಿ ಬಲಿಯುವ ಮೊದಲೇ ಅವಸರಕ್ಕೆ ಬಿದ್ದು ಕೀಳುವುದನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ. ತಾನು ಬಿಟ್ಟದ್ದನ್ನು ಇನ್ನೊಬ್ಬ ಕಿತ್ತಾನು ಎಂಬ ಅನುಮಾನವಿರುವವರೆಗೆ ಯಾರೂ ಕಾಯುವುದಿಲ್ಲ. ಮರಕ್ಕೆ ಒಡೆಯರು ಇದ್ದಾರೆ ಎಂದಾದಾಗ ಆ ಅನುಮಾನ ಸ್ವಲ್ಪ ತಗ್ಗುತ್ತದೆ.

ಇನ್ನು ಲಂಟಾನ. ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ, ಬುಟ್ಟಿ ಮಾಡಲು ಕಲಿತಿದ್ದಾರೆ. ಕಡಿದಷ್ಟೂ ಕಾಡಿಗೆ ಒಳ್ಳೆಯದೇ. ಆದರೆ ಕಾಯಿದೆಯ ವಿವರಣೆಯಲ್ಲಿ ಮರವಲ್ಲದ ಗಿಡ, ಬಳ್ಳಿ, ಪೊದೆಗಳೂ ಸೇರಿವೆಯಷ್ಟೆ. ಹಾಗಾಗಿ ಯಾರಿಗೂ ಬೇಡವಾದ ಲಂಟಾನವೂ ಕಾಡಿನೊಳಗಿದ್ದರೆ ಅರಣ್ಯ ಉತ್ಪನ್ನವೇ, ಹಕ್ಕುಪತ್ರ ಇಲ್ಲದವರು ಅದನ್ನು ಕಡಿದು ತರಲೂ ಅಪ್ಪಣೆ ಕೇಳಲೇಬೇಕು.